ಬಾಣಂತನದ ಸೂಟ್‌ಕೇಸ್ ಒಂಬತ್ತು ದಿನ ಎಲ್ಲಿತ್ತು?

2025ರ ಜನವರಿ 8ರಂದು ನನ್ನ ಅಕ್ಕ, ಭಾವ ಬೆಂಗಳೂರಿನಿಂದ ಶಿಕಾಗೊಗೆ ಹೊರಟರು. ಮಗಳ ಬಾಣಂತನಕ್ಕೆ. ಅಕ್ಕನಿಗೆ 63, ಭಾವನಿಗೆ 69. ಬೆಂಗಳೂರಿನಲ್ಲಿ ನಾಲ್ಕು ಸೂಟ್‌ಕೇಸ್ ಒಪ್ಪಿಸಿದರು. ಶಿಕಾಗೊದಲ್ಲಿ ಬೆಲ್ಟಿನ ಮೇಲೆ ಬಂದಿದ್ದು ಎರಡು. ಮೂರನೆಯದು ಮೂರು ದಿನದ ಮೇಲೆ ಬಂತು. ನಾಲ್ಕನೆಯದು ಬಂದಿದ್ದು ಒಂಬತ್ತನೇ ದಿನ, ಒಂದು ಚಕ್ರ ಮುರಿದುಕೊಂಡು.

ಈ ವಿಷಯದ ಓಲೆ, ರಸೀದಿ, ಇಮೇಲ್ ಎಲ್ಲ ನನ್ನ ಹತ್ತಿರ ಒಂದು ಫೈಲಿನಲ್ಲಿವೆ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು, ಕಾಗದ ಬಿಸಾಡುವ ಅಭ್ಯಾಸವಿಲ್ಲ. ಆ ಫೈಲನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ವಿಮಾನ ಕಂಪನಿಯ ಹೆಸರು ಬರೆಯುವುದಿಲ್ಲ. ಇಂಥದ್ದು ಯಾವ ಕಂಪನಿಯಲ್ಲೂ ಆಗಬಹುದು. ಆದಾಗ ಏನು ಮಾಡಬೇಕು ಅನ್ನುವುದು ನಮ್ಮ ಹಿರಿಯರಿಗೆ ಗೊತ್ತಿರಬೇಕು, ಅಷ್ಟೇ ನನ್ನ ಉದ್ದೇಶ.

ಹೊರಡುವ ಮುಂಚೆ

ಟಿಕೆಟ್ ತೆಗೆದಿದ್ದು 2024ರ ಅಕ್ಟೋಬರಿನಲ್ಲಿ. ಬೆಂಗಳೂರಿನಿಂದ ಕೊಲ್ಲಿ ದೇಶದ ಒಂದು ಊರು, ಅಲ್ಲಿಂದ ನೇರ ಶಿಕಾಗೊ. ಮೊದಲನೆಯದು ನಾಲ್ಕು ಗಂಟೆಯ ಹಾರಾಟ, ಎರಡನೆಯದು ಹದಿನಾಲ್ಕೂವರೆ ಗಂಟೆ. ನಡುವೆ 2 ಗಂಟೆ 5 ನಿಮಿಷ ಬಿಡುವು. ಒಬ್ಬೊಬ್ಬರಿಗೆ 23 ಕಿಲೋದ ಎರಡೆರಡು ಸೂಟ್‌ಕೇಸ್.

ಭಾವನಿಗೆ ಮಂಡಿ ಆಪರೇಷನ್ ಆಗಿದೆ. ಪ್ರಾಸ್ಟೇಟ್ ತೊಂದರೆಯೂ ಇದೆ, ಎರಡು ಗಂಟೆಗೊಮ್ಮೆ ಏಳಬೇಕು. ಹಾಗಾಗಿ ಓಡಾಡುವ ದಾರಿಯ ಪಕ್ಕದ ಸೀಟುಗಳನ್ನೇ ಬೇಕೆಂದು ಆರಿಸಿ, ಇಬ್ಬರಿಗೂ ಸೇರಿ 8,400 ರೂಪಾಯಿ ಜಾಸ್ತಿ ಕಟ್ಟಿದೆವು. ವೀಲ್‌ಚೇರ್ ಕೇಳಿದ್ದೂ ಮಂಡಿಗಾಗಿ ಮಾತ್ರವಲ್ಲ. ವೀಲ್‌ಚೇರ್ ತಳ್ಳುವವರು ಜೊತೆಗಿದ್ದರೆ ಗೊತ್ತಿಲ್ಲದ ಊರಿನಲ್ಲಿ ದಾರಿ ತಪ್ಪುವ ಭಯವಿಲ್ಲ. ಅಮೆರಿಕಕ್ಕೆ ಹೋಗುವ ನಮ್ಮ ಕಡೆಯ ಅಪ್ಪ-ಅಮ್ಮಂದಿರಲ್ಲಿ ಎಷ್ಟೋ ಜನ ಇದೇ ಕಾರಣಕ್ಕೆ ಕೇಳುತ್ತಾರೆ.

ಅಕ್ಕ ತಿಂಗಳ ಮುಂಚೆಯೇ ತಯಾರಿ ಶುರು ಮಾಡಿದ್ದಳು. ಅಂಟಿನ ಉಂಡೆ, ಮೆಂತ್ಯದ ಉಂಡೆ, ಮೆಣಸಿನ ಸಾರಿನ ಪುಡಿ, ಬಜೆ, ಓಮ, ಕೂಸಿಗೆ ಸುತ್ತಲು ಒಗೆದು ಮೆತ್ತಗಾದ ಹಳೇ ಹತ್ತಿ ಸೀರೆಯ ತುಂಡುಗಳು. ನಮ್ಮಮ್ಮ ನಮಗೆಲ್ಲ ಹಾಲು ಕುಡಿಸಿದ್ದ ಹಿತ್ತಾಳೆ ಒಳಲೆ. ಇಷ್ಟೂ ಒಂದೇ ಸೂಟ್‌ಕೇಸಿಗೆ ಹೋಯಿತು, ಜೊತೆಗೆ ಅಕ್ಕನ ಬಟ್ಟೆಯೂ. ಭಾವನ ಬಟ್ಟೆ, ಇಬ್ಬರ ಸ್ವೆಟರು, ಬೆಚ್ಚನೆಯ ಕೋಟುಗಳು ಇನ್ನೊಂದಕ್ಕೆ. ಉಳಿದ ಎರಡರಲ್ಲಿ ಪಾತ್ರೆ, ಬೇಳೆ, ಹಪ್ಪಳ ಮತ್ತು ಮಗಳು ಬರೆದು ಕಳಿಸಿದ ಪಟ್ಟಿಯ ಸಾಮಾನು.

ಇಡೀ ಪ್ರಕರಣದಲ್ಲಿ ನಮ್ಮ ಕಡೆಯಿಂದ ಆದ ದೊಡ್ಡ ತಪ್ಪು ಇಲ್ಲೇ ಇದೆ. ಒಬ್ಬರ ಬಟ್ಟೆಯೆಲ್ಲ ಒಂದೇ ಸೂಟ್‌ಕೇಸಿನಲ್ಲಿ ಇಟ್ಟೆವು. ಎರಡರಲ್ಲೂ ಇಬ್ಬರ ಬಟ್ಟೆ ಅರ್ಧರ್ಧ ಹಂಚಿದ್ದರೆ, ಅಕ್ಕ ಒಂಬತ್ತು ದಿನ ಮಗಳ ಬಟ್ಟೆ ಹಾಕಿಕೊಂಡು ಇರಬೇಕಾಗಿರಲಿಲ್ಲ. ಭಾವನ ಮಾತ್ರೆಗಳು ಕೈಚೀಲದಲ್ಲೇ ಇದ್ದವು, ಅಷ್ಟಾದರೂ ಸರಿ ಮಾಡಿದ್ದೆವು.

ಹದಿನಾಲ್ಕೂವರೆ ಗಂಟೆ

ಬೆಳಗಿನ ಜಾವ 4.10ಕ್ಕೆ ಹೊರಡಬೇಕಾದ ವಿಮಾನ 5.45ಕ್ಕೆ ಹೊರಟಿತು. ಆ ಕಡೆಯಿಂದ ಬರಬೇಕಾದ ವಿಮಾನವೇ ತಡವಾಗಿತ್ತು. ಇಳಿದಾಗ ಮುಂದಿನ ವಿಮಾನಕ್ಕೆ ಉಳಿದಿದ್ದು 40 ನಿಮಿಷ. ವೀಲ್‌ಚೇರ್ ಬಾಗಿಲಲ್ಲೇ ಕಾದಿತ್ತು. ತಳ್ಳುವ ಹುಡುಗರು ಓಡಿಕೊಂಡೇ ಕರೆದೊಯ್ದರು. ಅವರಿಬ್ಬರು ಇಲ್ಲದಿದ್ದರೆ ಅಕ್ಕ, ಭಾವ ಅವತ್ತು ಅಲ್ಲೇ ಉಳಿಯುತ್ತಿದ್ದರು. ಅವರಿಗೆ ನಾನು ಯಾವತ್ತೂ ಋಣಿ.

ಆದರೆ ಎರಡನೇ ವಿಮಾನ ಬೇರೆಯದಾಗಿತ್ತು. ನಾವು ಸೀಟು ಆರಿಸಿದಾಗ ಒಂದು ಸಾಲಿಗೆ ಒಂಬತ್ತು ಸೀಟಿನ ವಿಮಾನ ಇತ್ತು, ಮೂರು-ಮೂರು-ಮೂರು. ಬಂದಿದ್ದು ಹತ್ತು ಸೀಟಿನದು, ಮೂರು-ನಾಲ್ಕು-ಮೂರು. ವಿಮಾನ ಬದಲಾದರೆ ಸೀಟುಗಳನ್ನು ಕಂಪ್ಯೂಟರ್ ಹೊಸದಾಗಿ ಹಂಚುತ್ತದೆ. ಭಾವನಿಗೆ ಸಿಕ್ಕಿದ್ದು ನಾಲ್ಕರ ಮಧ್ಯದ ಸೀಟು. ಅಕ್ಕನಿಗೆ ಆರು ಸಾಲು ಹಿಂದೆ, ಕಿಟಕಿಯ ಪಕ್ಕ.

ಇಂಥ ಹತ್ತರ ಸಾಲಿನಲ್ಲಿ ಒಂದು ಸೀಟಿನ ಅಗಲ ಸುಮಾರು 17 ಅಂಗುಲ. ಮುಂದಿನ ಸೀಟಿಗೂ ನಮ್ಮದಕ್ಕೂ ಇರುವ ಅಂತರ ಸಾಮಾನ್ಯವಾಗಿ 31-32 ಅಂಗುಲ. ಈ ಅಂತರವನ್ನು ಅಳೆಯುವುದು ಒಂದು ಸೀಟಿನ ಬೆನ್ನಿನಿಂದ ಅದರ ಮುಂದಿನ ಸೀಟಿನ ಬೆನ್ನಿಗೆ. ಸೀಟಿನ ದಪ್ಪ, ಕೂತವರ ತೊಡೆ ಎಲ್ಲ ಅದರೊಳಗೇ ಬರಬೇಕು. ಮಂಡಿಗೆ ಉಳಿಯುವುದು ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಸೀಟಿನ ಕನಿಷ್ಠ ಅಳತೆ ನಿಗದಿ ಮಾಡಬೇಕೆಂದು ಅಮೆರಿಕದ ಸಂಸತ್ತು ತನ್ನ ವಿಮಾನಯಾನ ಇಲಾಖೆಗೆ 2018ರಲ್ಲೇ ಹೇಳಿತ್ತು. 2022ರಲ್ಲಿ ಇಲಾಖೆ ಜನರ ಅಭಿಪ್ರಾಯ ಕೇಳಿದಾಗ 26,000ಕ್ಕೂ ಜಾಸ್ತಿ ಪತ್ರಗಳು ಬಂದವು. ಅಕ್ಕ, ಭಾವ ಹೋಗುವ ಹೊತ್ತಿಗೂ ಅಂಥ ಅಳತೆ ನಿಗದಿಯಾಗಿರಲಿಲ್ಲ.

ಭಾವ ಮಾಡಿದ್ದೇನು ಗೊತ್ತಾ? ನೀರು ಕುಡಿಯುವುದನ್ನೇ ನಿಲ್ಲಿಸಿದರು. ಪಕ್ಕದವರು ನಿದ್ದೆ ಮಾಡುತ್ತಿದ್ದಾರೆ, ಪದೇ ಪದೇ ಎಬ್ಬಿಸುವುದು ಹೇಗೆ ಅನ್ನುವ ಸಂಕೋಚ. ಹದಿನಾಲ್ಕೂವರೆ ಗಂಟೆಯಲ್ಲಿ ಎದ್ದಿದ್ದು ಎರಡು ಸಲ. ಇಳಿಯುವಾಗ ಪಾದ ಬೂಟಿನೊಳಗೆ ಹೋಗಲಿಲ್ಲ, ಊದಿತ್ತು. ಊತ ಇಳಿಯಲು ಮೂರು ದಿನ ಬೇಕಾಯಿತು. ಅಷ್ಟು ಹೊತ್ತು ಕಾಲು ಮಡಚಿ, ನೀರಿಲ್ಲದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ. ಆಪರೇಷನ್ ಆದ, ವಯಸ್ಸಾದ ಕಾಲಿಗೆ ಅದು ಇನ್ನೂ ಜಾಸ್ತಿ. ಈಗಲೂ ಅದನ್ನು ನೆನೆದರೆ ನನಗೆ ಹೊಟ್ಟೆಯೊಳಗೆ ತಳಮಳ ಆಗುತ್ತದೆ.

ಊಟದ್ದೂ ಒಂದು ಮಾತು. ಟಿಕೆಟ್ ತೆಗೆಯುವಾಗ ನಾನೇ 'ಹಿಂದೂ ಮೀಲ್' ಅಂತ ಗುರುತು ಹಾಕಿದ್ದೆ, ಸಸ್ಯಾಹಾರ ಅಂದುಕೊಂಡು. ಅದು ಸಸ್ಯಾಹಾರವಲ್ಲ. ಅದರಲ್ಲಿ ದನದ ಮಾಂಸ ಇರುವುದಿಲ್ಲ, ಆದರೆ ಕೋಳಿ, ಕುರಿ, ಮೀನು ಇರಬಹುದು. ನಮ್ಮ ಕಡೆಯ ಸಸ್ಯಾಹಾರದ ಊಟಕ್ಕೆ 'ಏಷ್ಯನ್ ವೆಜಿಟೇರಿಯನ್' ಅಂತ ಕೇಳಬೇಕು. ಅಕ್ಕ, ಭಾವ ಬ್ರೆಡ್ಡು, ಹಣ್ಣು ತಿಂದು ಶಿಕಾಗೊ ತಲುಪಿದರು. ಇದರಲ್ಲಿ ಕಂಪನಿಯ ತಪ್ಪಿಲ್ಲ, ನನ್ನದೇ.

ಬೆಲ್ಟಿನ ಮುಂದೆ

ಶಿಕಾಗೊದಲ್ಲಿ ವಲಸೆ ತಪಾಸಣೆ ಮುಗಿಸಿ ಬೆಲ್ಟಿನ ಹತ್ತಿರ ಬಂದಾಗ ಎರಡು ಸೂಟ್‌ಕೇಸ್ ಸುತ್ತುತ್ತಿದ್ದವು. ಉಳಿದೆರಡಕ್ಕೆ ಕಾದರು. ಒಂದು ಗಂಟೆ 50 ನಿಮಿಷ ಕಾದರು. ಬೆಲ್ಟ್ ನಿಂತಿತು. ಜನ ಹೋದರು. ಹೊರಗೆ ತುಂಬು ಗರ್ಭಿಣಿ ಮಗಳು ಗಂಡನ ಜೊತೆ ನಿಂತಿದ್ದಳು.

ಈ ಒಂದು ಗಂಟೆ 50 ನಿಮಿಷದ ಬಗ್ಗೆ ನನಗೆ ಹೇಳುವುದಿದೆ.

ಸೂಟ್‌ಕೇಸ್ ತಪ್ಪುವುದು ಅಪರೂಪವೂ ಅಲ್ಲ, ಎಲ್ಲರಿಗೂ ಆಗುವುದೂ ಅಲ್ಲ. ವಿಮಾನ ನಿಲ್ದಾಣಗಳಿಗೆ ಲಗೇಜಿನ ತಂತ್ರಾಂಶ ಕೊಡುವ ಸೀಟಾ ಸಂಸ್ಥೆಯ ಲೆಕ್ಕದಲ್ಲಿ, 2024ರಲ್ಲಿ ಪ್ರತಿ ಸಾವಿರ ಪ್ರಯಾಣಿಕರಿಗೆ 6.3 ಲಗೇಜು ತಡವಾಗಿವೆ, ಕಳೆದಿವೆ ಇಲ್ಲವೇ ಹಾಳಾಗಿವೆ. 2022ರಲ್ಲಿ ಅದು 7.6 ಇತ್ತು. ತಡವಾಗುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಒಂದು ವಿಮಾನದಿಂದ ಇನ್ನೊಂದಕ್ಕೆ ಸಾಗಿಸುವಾಗ ಆಗುವ ಎಡವಟ್ಟು. 40 ನಿಮಿಷದಲ್ಲಿ ನಾಲ್ಕರಲ್ಲಿ ಎರಡು ಸೂಟ್‌ಕೇಸ್ ದಾಟಿದ್ದೇ ಹೆಚ್ಚು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ.

ನಾನು ಒಪ್ಪದಿರುವುದು ಬೇರೆ. ಆ ಎರಡು ಸೂಟ್‌ಕೇಸ್ ವಿಮಾನ ಹತ್ತಿಲ್ಲ ಅನ್ನುವುದು, ವಿಮಾನ ನೆಲ ಬಿಡುವ ಹೊತ್ತಿಗೇ ಕಂಪನಿಯ ದಾಖಲೆಯಲ್ಲಿ ಇತ್ತು. ಪ್ರತಿ ಲಗೇಜಿಗೂ ಹತ್ತು ಅಂಕಿಯ ಟ್ಯಾಗ್ ಇರುತ್ತದೆ. ವಿಮಾನ ಕಂಪನಿಗಳ ಜಾಗತಿಕ ಒಕ್ಕೂಟ ಐಯಾಟಾದ 753ನೇ ನಿರ್ಣಯ 2018ರ ಜೂನ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ನಾಲ್ಕು ಕಡೆ ಲಗೇಜಿನ ಲೆಕ್ಕ ಇಡಬೇಕು: ಪ್ರಯಾಣಿಕರಿಂದ ತೆಗೆದುಕೊಂಡಾಗ, ವಿಮಾನಕ್ಕೆ ಏರಿಸಿದಾಗ, ವಿಮಾನ ಬದಲಿಸುವಾಗ, ಪ್ರಯಾಣಿಕರಿಗೆ ಮರಳಿಸಿದಾಗ.

ಲೆಕ್ಕ ಇಡುವುದಕ್ಕೆ ಇದಕ್ಕಿಂತ ಹಳೆಯ, ನೋವಿನ ಕಾರಣವೂ ಇದೆ. 1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ವಿಮಾನ ಅಟ್ಲಾಂಟಿಕ್ ಸಾಗರದ ಮೇಲೆ ಬಾಂಬಿನಿಂದ ಸಿಡಿದು 329 ಜನ ಸತ್ತರು. ಬಾಂಬ್ ಇದ್ದ ಸೂಟ್‌ಕೇಸಿನ ಜೊತೆ ಅದರ ಪ್ರಯಾಣಿಕ ಹತ್ತಿರಲೇ ಇಲ್ಲ. ಯಾವ ಲಗೇಜು ಯಾರದು, ಅವರು ವಿಮಾನದಲ್ಲಿದ್ದಾರಾ ಅಂತ ತಾಳೆ ನೋಡುವ ನಿಯಮ ಬಿಗಿಯಾಗಿದ್ದು ಆಮೇಲೆ. ಹಾಗಾಗಿ ಲೆಕ್ಕ ಅವರ ಹತ್ತಿರ ಇರಲೇಬೇಕು, ಅಲ್ವಾ?

ಮನೆಗೆ ಹೋಗಿ ಮಗಳು ಕಂಪನಿಯ ಆ್ಯಪಿನಲ್ಲಿ ಟ್ಯಾಗ್ ನಂಬರ್ ಹಾಕಿ ನೋಡಿದಳು. ನಾಲ್ಕೂ ಸೂಟ್‌ಕೇಸ್ ಬೆಂಗಳೂರಿನಲ್ಲಿ ವಿಮಾನ ಹತ್ತಿದ್ದವು. ಎರಡು ಮಾತ್ರ ಶಿಕಾಗೊ ವಿಮಾನಕ್ಕೆ ಏರಿದ್ದವು. ಮೊಬೈಲಿನಲ್ಲಿ ಎರಡು ನಿಮಿಷದಲ್ಲಿ ಸಿಕ್ಕ ಮಾಹಿತಿ ಇದು. ವಿಮಾನದ ಬಾಗಿಲಲ್ಲಿ ಒಬ್ಬರು ನಿಂತು "ನಿಮ್ಮ ಎರಡು ಲಗೇಜು ಹಿಂದೆ ಉಳಿದಿವೆ, ಆ ಕೌಂಟರಿಗೆ ಹೋಗಿ" ಅಂದಿದ್ದರೆ ಸಾಕಿತ್ತು. ಕಾಲು ಊದಿದ ಹಿರಿಯರನ್ನು ಖಾಲಿ ಬೆಲ್ಟಿನ ಮುಂದೆ ಸುಮ್ನೆ ಎರಡು ಗಂಟೆ ನಿಲ್ಲಿಸಿದ್ದಕ್ಕೆ ಯಾವ ಯಂತ್ರವೂ ಕಾರಣವಲ್ಲ. ಫೈಲಿನಲ್ಲಿರುವ ಎಲ್ಲದಕ್ಕಿಂತ ನನಗೆ ಜಾಸ್ತಿ ನೋವು ಕೊಟ್ಟಿದ್ದು ಇದೇ.

ಅಕ್ಕ ಅವತ್ತು ರಾತ್ರಿ ಫೋನ್ ಮಾಡಿದಾಗ ಅಳುತ್ತಿದ್ದಳು. "ಉಂಡೆಯಲ್ಲಿ ಕೊಬ್ಬರಿ ಇದೆ ಕಣೋ. ಅದಕ್ಕೇ ಹಿಡಿದಿಟ್ಟರೇನೋ. ನನ್ನಿಂದಲೇ ಆಯ್ತು."

ಆ ಭಯಕ್ಕೂ ಕಾರಣವಿತ್ತು. ಒಣ ಕೊಬ್ಬರಿಯನ್ನು ಲಗೇಜಿನಲ್ಲಿ ಬಿಡುವುದಿಲ್ಲ. ಅದರಲ್ಲಿ ಎಣ್ಣೆ ಜಾಸ್ತಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು ಅಂತ ಅಪಾಯದ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ. ಮಗಳು ಮುಂಚೆಯೇ ಹೇಳಿದ್ದರಿಂದ ಅಕ್ಕ ಕೊಬ್ಬರಿ ಗಿಟುಕುಗಳನ್ನು ಮೈಸೂರಿನಲ್ಲೇ ಬಿಟ್ಟಿದ್ದಳು. ಉಂಡೆಯೊಳಗೆ ಇದ್ದಿದ್ದು ಹುರಿದ ತುರಿ. ಬೆಂಗಳೂರಿನ ತಪಾಸಣೆ ದಾಟಿಯೇ ಆ ಸೂಟ್‌ಕೇಸ್ ವಿಮಾನ ಹತ್ತಿತ್ತು. ಆ್ಯಪಿನಲ್ಲಿ ಕಂಡಿದ್ದನ್ನು ಮಗಳು ಎರಡು ಮೂರು ಸಲ ತೋರಿಸಿದ ಮೇಲೆ ಅಕ್ಕ ನಂಬಿದಳು. ಏನಾಗಿದೆ ಅಂತ ಹೇಳುವವರಿಲ್ಲದಿದ್ದರೆ ನಮ್ಮ ಹೆಂಗಸರು ಮೊದಲು ದೂರುವುದು ತಮ್ಮನ್ನೇ.

ಒಂದು ಕಾಗದ, ಒಂದು ಒಳಲೆ

ನಿಲ್ದಾಣ ಬಿಡುವ ಮುಂಚೆ ಅಳಿಯಂದಿರ ಮಾತು ಕೇಳಿ ಭಾವ ಒಂದು ಒಳ್ಳೆಯ ಕೆಲಸ ಮಾಡಿದ್ದರು. ಲಗೇಜು ಕೌಂಟರಿಗೆ ಹೋಗಿ ದೂರು ಬರೆಸಿದ್ದರು. ಅದಕ್ಕೆ ಪಿಐಆರ್ ಅನ್ನುತ್ತಾರೆ. ನಿಲ್ದಾಣದ ಮೂರಕ್ಷರ, ಕಂಪನಿಯ ಎರಡಕ್ಷರ, ಐದು ಅಂಕಿ ಸೇರಿದ ಒಂದು ನಂಬರ್ ಕೊಡುತ್ತಾರೆ. ಕೌಂಟರಿನವರು "ಮನೆಗೆ ಹೋಗಿ ಆನ್‌ಲೈನಿನಲ್ಲಿ ಹಾಕಿ" ಅಂದಿದ್ದರಂತೆ. ಭಾವ ಅಲ್ಲಿಂದ ಅಲುಗಾಡಲಿಲ್ಲ. ಮುಂದೆ ನಮ್ಮ ಪ್ರತಿ ಪತ್ರವೂ ನಿಂತಿದ್ದು ಆ ಒಂದು ನಂಬರಿನ ಮೇಲೆ.

ಆದರೆ ಒಳಗೆ ಏನೇನಿದೆ ಅನ್ನುವ ಜಾಗದಲ್ಲಿ ಕೌಂಟರಿನವರು 'ಬಟ್ಟೆ, ತಿಂಡಿ' ಅಂತ ಎರಡೇ ಪದ ಬರೆದಿದ್ದರು. ಭಾವನ ಸೂಟ್‌ಕೇಸ್‌ಗೆ ಇದರಿಂದ ತೊಂದರೆ ಆಗಲಿಲ್ಲ, ಅದರ ಟ್ಯಾಗ್ ಗಟ್ಟಿಯಾಗಿತ್ತು. 11ನೇ ತಾರೀಕು ಮನೆ ಬಾಗಿಲಿಗೆ ಬಂತು. ಅಕ್ಕನದರ ಸುಳಿವೇ ಇರಲಿಲ್ಲ. ಆ್ಯಪಿನಲ್ಲಿ ದಿನವೂ ಒಂದೇ ಸಾಲು: ಹುಡುಕಲಾಗುತ್ತಿದೆ.

15ನೇ ತಾರೀಕು ಮಗು ಹುಟ್ಟಿತು. ಗಂಡು ಕೂಸು. ಮಗುವನ್ನು ಅಂಗಡಿಯಿಂದ ತಂದ ಹೊಸ ಬಟ್ಟೆಯಲ್ಲಿ ಸುತ್ತಿದರು. ಅಕ್ಕ ಮಗಳ ಬಟ್ಟೆ ಹಾಕಿಕೊಂಡು ಆಸ್ಪತ್ರೆಯಲ್ಲಿ ಕೂತಿದ್ದಳು.

ಅದೇ ದಿನ ಅಳಿಯಂದಿರು ದೂರಿಗೆ ಹೊಸ ವಿವರ ಸೇರಿಸಿದರು. ಕಳೆದ ಲಗೇಜು ಹುಡುಕಲು ಕಂಪನಿಗಳು ಬಳಸುವ ವರ್ಲ್ಡ್‌ಟ್ರೇಸರ್ ಅನ್ನುವ ವ್ಯವಸ್ಥೆ ಟ್ಯಾಗ್ ನಂಬರನ್ನಷ್ಟೇ ನೋಡುವುದಿಲ್ಲ. ಬಣ್ಣ, ಆಕಾರ, ಒಳಗಿನ ಸಾಮಾನನ್ನೂ ತಾಳೆ ನೋಡುತ್ತದೆ. ಬಟ್ಟೆ ಎಲ್ಲರ ಸೂಟ್‌ಕೇಸಿನಲ್ಲೂ ಇರುತ್ತದೆ, ಅದನ್ನು ಬರೆದು ಪ್ರಯೋಜನವಿಲ್ಲ. ಬೇರೆಯವರಲ್ಲಿ ಇರದಿರುವುದನ್ನು ಬರೆಯಬೇಕು. ಅಳಿಯಂದಿರು ಬರೆದರು: ಹಳದಿ ಬಟ್ಟೆಯ ಚೀಲದೊಳಗೆ ಒಂದು ಸಣ್ಣ ಹಿತ್ತಾಳೆ ಪಾತ್ರೆ, ಕೊಕ್ಕಿನ ಹಾಗೆ ಚಾಚಿದ ಬಾಯಿ, ಮಗುವಿಗೆ ಹಾಲು ಕುಡಿಸುವಂಥದ್ದು. ಪಕ್ಕದಲ್ಲಿ ಸ್ಟೀಲ್ ಡಬ್ಬಿಯಲ್ಲಿ ಕಂದು ಬಣ್ಣದ ಉಂಡೆಗಳು.

ಮರುದಿನವೇ ಫೋನ್ ಬಂತು. ಸೂಟ್‌ಕೇಸ್ ಕೊಲ್ಲಿಯ ಆ ನಿಲ್ದಾಣದಲ್ಲೇ ಇತ್ತು. ಟ್ಯಾಗ್ ಕಿತ್ತುಹೋಗಿತ್ತು. ಬೆಂಗಳೂರಿನಲ್ಲಿ ಮೈಗೆ ಅಂಟಿಸಿದ್ದ ಸಣ್ಣ ಬಾರ್‌ಕೋಡ್ ಚೀಟಿಯೂ ಇರಲಿಲ್ಲ, ಬಟ್ಟೆಯ ಮೈಯ ಸೂಟ್‌ಕೇಸಿನ ಮೇಲೆ ಅದು ನಿಂತಿರಲಿಲ್ಲ. ಒಳಗೆ ಹೆಸರಿನ ಚೀಟಿ ನಾವು ಇಟ್ಟಿರಲಿಲ್ಲ. ಯಾರದು ಅಂತ ಗೊತ್ತಿಲ್ಲದ ಸೂಟ್‌ಕೇಸುಗಳ ನಡುವೆ ಎಂಟು ದಿನ ಕೂತಿತ್ತು. ಒಳಲೆ ನೋಡಿ ಗುರುತು ಹಿಡಿದರು. ನಮ್ಮಮ್ಮನ ಒಳಲೆ.

17ರಂದು ಸೂಟ್‌ಕೇಸ್ ಬಂತು. ಉಂಡೆ ಡಬ್ಬಿ ತೆರೆದು ನೋಡಿದ ಗುರುತಿತ್ತು, ಉಂಡೆಗಳು ಚೆನ್ನಾಗಿದ್ದವು. ಒಂದು ಚಕ್ರ ಮುರಿದಿತ್ತು.

ಪತ್ರ ವ್ಯವಹಾರ

ಭಾರತವೂ ಅಮೆರಿಕವೂ ಒಪ್ಪಿಕೊಂಡಿರುವ ಮಾಂಟ್ರಿಯಲ್ ಒಪ್ಪಂದ ಇಲ್ಲಿ ಅನ್ವಯಿಸುತ್ತದೆ. 1999ರಲ್ಲಿ ಆದ ಒಪ್ಪಂದ, ಭಾರತದಲ್ಲಿ 2009ರಿಂದ ಜಾರಿಯಲ್ಲಿದೆ. ಲಗೇಜು ಹಾಳಾದರೆ ಕೈಗೆ ಬಂದ 7 ದಿನದೊಳಗೆ ಬರೆದು ದೂರು ಕೊಡಬೇಕು. ತಡವಾದರೆ ಕೈಗೆ ಬಂದ 21 ದಿನದೊಳಗೆ. 21 ದಿನವಾದರೂ ಬರದಿದ್ದರೆ ಕಳೆದಿದೆ ಅಂತಲೇ ಲೆಕ್ಕ. ಒಬ್ಬ ಪ್ರಯಾಣಿಕರಿಗೆ ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ), ಅಂದರೆ ಸುಮಾರು 2,000 ಡಾಲರ್. ಇದು ಮಿತಿ ಮಾತ್ರ, ಸುಮ್ನೆ ಕೈಗೆ ಕೊಡುವ ಮೊತ್ತವಲ್ಲ. ಖರ್ಚಿಗೆ ರಸೀದಿ ಬೇಕು. ನಮ್ಮ ದೇಶದೊಳಗಿನ ಪ್ರಯಾಣಕ್ಕೆ ಈ ಮಿತಿ ಬರೀ 20,000 ರೂಪಾಯಿ.

ಚಕ್ರದ ದೂರು 19ಕ್ಕೆ ಕೊಟ್ಟೆವು. ಖರ್ಚಿನ ದೂರು 30ಕ್ಕೆ. ಕೋಟು, ಒಳಗಿನ ಬೆಚ್ಚನೆ ಬಟ್ಟೆ, ಕಾಲುಚೀಲ, ಬೂಟು, ಅಕ್ಕನ ಬಟ್ಟೆ ಎಲ್ಲ ಸೇರಿ 414 ಡಾಲರ್. ಸೀಟಿನ 8,400 ರೂಪಾಯಿಯನ್ನು ಬೇರೆ ಪತ್ರದಲ್ಲೇ ಕೇಳಿದೆವು.

ಫೆಬ್ರವರಿ 20ಕ್ಕೆ ಉತ್ತರ ಬಂತು. ಮುಂದಿನ ಸಲ ಅದೇ ಕಂಪನಿಯಲ್ಲಿ ಹೋಗಲು ಒಬ್ಬೊಬ್ಬರಿಗೆ 100 ಡಾಲರ್ ವೋಚರ್. ಬೇಡ ಅಂದೆವು. ಮಾರ್ಚ್ 6ಕ್ಕೆ ಇನ್ನೊಂದು ಉತ್ತರ: ಕೊಂಡ ಬಟ್ಟೆ ನಿಮ್ಮ ಹತ್ತಿರವೇ ಉಳಿಯುತ್ತದೆ, ಆದ್ದರಿಂದ ಅರ್ಧ ಕೊಡುತ್ತೇವೆ, 207 ಡಾಲರ್. ಚಕ್ರ ಮುರಿಯುವುದು ಬಳಕೆಯ ಸವೆತ, ಅದಕ್ಕೆ ಏನೂ ಇಲ್ಲ.

ಅರ್ಧದ ವಾದ ಕೇಳುವುದಕ್ಕೆ ಸರಿ ಅನ್ನಿಸಬಹುದು. ಆದರೆ ಮೈಸೂರಿನವರಿಗೆ ಶಿಕಾಗೊ ಚಳಿಯ ಎರಡನೇ ಕೋಟು ಯಾಕೆ? ಸೂಟ್‌ಕೇಸ್ ಬಂದಿದ್ದರೆ ಅದನ್ನು ಕೊಳ್ಳುತ್ತಲೇ ಇರಲಿಲ್ಲ. ಚಕ್ರ, ಹಿಡಿ ಇಂಥವುಗಳ ಹಾನಿಯನ್ನು ಕಂಪನಿಗಳು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ ಅಂತ ಅಮೆರಿಕದ ಸಾರಿಗೆ ಇಲಾಖೆಯೇ ಹಿಂದೆ ಕಂಪನಿಗಳಿಗೆ ತಿಳಿಸಿದೆ. ಮಗಳು, ಎರಡು ತಿಂಗಳೂ ತುಂಬದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಮಾರ್ಚ್ 10ರಂದು ಆ ಇಲಾಖೆಯ ವೆಬ್‌ಸೈಟಿನಲ್ಲಿ ದೂರು ಹಾಕಿದಳು. ಅಮೆರಿಕಕ್ಕೆ ಹಾರುವ ಕಂಪನಿಗಳು ದೂರು ತಲುಪಿದೆ ಅಂತ 30 ದಿನದಲ್ಲಿ ತಿಳಿಸಬೇಕು, 60 ದಿನದಲ್ಲಿ ಸರಿಯಾದ ಉತ್ತರ ಕೊಡಬೇಕು ಅನ್ನುವ ನಿಯಮ ಅಲ್ಲಿದೆ. ಏಪ್ರಿಲ್ 24ಕ್ಕೆ ಪೂರಾ 414 ಡಾಲರ್ ಖಾತೆಗೆ ಬಂತು. ಚಕ್ರಕ್ಕೆ 50 ಡಾಲರ್.

ಬೇಡಿಕೆಯ ಅರ್ಜಿ ತುಂಬುವಾಗ ನಡೆದ ಒಂದು ಸಂಗತಿ ಹೇಳಲೇಬೇಕು. ತಡವಾಗಿ ಬಂದ ಸಾಮಾನಿನ ಪಟ್ಟಿ ಮಾಡಿ, ಪ್ರತಿಯೊಂದರ ಬೆಲೆ ಬರೆಯಿರಿ ಅಂತ ಅದರಲ್ಲಿತ್ತು. ಒಂದೊಂದೇ ಓದಿ ಫೋನಿನಲ್ಲಿ ಅಕ್ಕನನ್ನು ಕೇಳುತ್ತಾ ಬಂದೆ. ಹಳೇ ಸೀರೆ ತುಂಡುಗಳ ಹತ್ತಿರ ಬಂದಾಗ ಸುಮ್ಮನಾದಳು. "ಅದಕ್ಕೇನು ಬೆಲೆ ಬರೀತೀಯೋ, ಬಿಡು," ಅಂದಳು. ಸೊನ್ನೆ ಅಂತ ಬರೆದೆ. ಆ ಕೂಸು ಹುಟ್ಟಿದ ಮೊದಲ ಎರಡು ದಿನ ಅಜ್ಜಿಯ ಸೀರೆಯಲ್ಲಿ ಮಲಗಬೇಕಿತ್ತು. ಅದು ಆಗಲಿಲ್ಲ.

ಜುಲೈ ಮೊದಲ ವಾರ ಅವರು ವಾಪಸು ಬಂದರು. ಈ ಸಲ ನಡುವೆ ನಾಲ್ಕು ಗಂಟೆ ಬಿಡುವಿನ ಟಿಕೆಟ್. ಎಲ್ಲ ಸೂಟ್‌ಕೇಸಿನಲ್ಲೂ ಇಬ್ಬರ ಬಟ್ಟೆ. ಪ್ರತಿಯೊಂದರ ಒಳಗೂ ಹೆಸರು, ಫೋನ್ ನಂಬರಿನ ಚೀಟಿ. ಮುಚ್ಚುವ ಮುಂಚೆ ಒಳಗಿನದ್ದೂ ಹೊರಗಿನದ್ದೂ ಒಂದೊಂದು ಫೋಟೊ. ಒಳಲೆ ಮಾತ್ರ ಅಲ್ಲೇ ಉಳಿಯಿತು, ಮಗುವಿನ ಹತ್ತಿರ. ಕೆಂಪೇಗೌಡ ನಿಲ್ದಾಣದಲ್ಲಿ ನಾನೇ ಹೋಗಿ ಕರೆತಂದೆ. ನಾಲ್ಕೂ ಬಂದವು.

ಸೀಟಿನ 8,400 ರೂಪಾಯಿ ಇನ್ನೂ ಬಂದಿಲ್ಲ. 'ವಿಮಾನ ಬದಲಾವಣೆ ನಮ್ಮ ಷರತ್ತುಗಳಲ್ಲಿ ಸೇರಿದೆ' ಅಂತ ಎರಡು ಸಲ ಒಂದೇ ಉತ್ತರ ಕಳಿಸಿದ್ದಾರೆ. ಷರತ್ತಿನಲ್ಲಿ ವಿಮಾನ ಬದಲಿಸಬಹುದು ಅಂತಿದೆ ನಿಜ, ಕೊಡದ ಸೀಟಿನ ದುಡ್ಡು ಇಟ್ಟುಕೊಳ್ಳಬಹುದು ಅಂತ ಎಲ್ಲೂ ಇಲ್ಲ. 2019ರ ಗ್ರಾಹಕ ಕಾಯ್ದೆಯ ಪ್ರಕಾರ ಭಾವ ತಾವು ವಾಸ ಮಾಡುವ ಮೈಸೂರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಅದಕ್ಕಿರುವ ಎರಡು ವರ್ಷದ ಗಡುವು 2027ರ ಜನವರಿ 8ಕ್ಕೆ ಮುಗಿಯುತ್ತದೆ. ಭಾವ "ಹೋಗಲಿ ಬಿಡು" ಅಂದರು. ನಾನು ಅರ್ಜಿ ಬರೆದು ಅವರ ಸಹಿ ಹಾಕಿಸಿಕೊಂಡಿದ್ದೇನೆ.